ಫಾರ್ಮ್ಯಾಟ್ ಮಾಡ್ಬಿಡಿ ಅನ್ನೋರ ಬಾಯಿಗೊಂದು ಬೀಗ ಹಾಕ್ರಪ್ಪ

ವಿಂಡೋಸ್ ಲೋಡ್ ಆಗ್ತಿಲ್ಲ, ಒಳಗಿರೋ ಫೈಲ್ ಹೇಗೆ ತೆಗೆಯೋದು ಅಂತ ಯಾರನ್ನ ಬೇಕಾದ್ರೂ ಕೇಳಿ ನೋಡಿ. "ಫಾರ್ಮ್ಯಾಟ್ ಮಾಡ್ಬಿಡಿ, ಹೊಸದರ ಥರ ಓಡುತ್ತೆ." ಫಾರ್ಮ್ಯಾಟ್ ಅಂದ್ರೆ ಡಿಸ್ಕ್‌ನಲ್ಲಿರೋದನ್ನೆಲ್ಲ ಅಳಿಸಿಹಾಕೋದು. ಸ್ವಾಮಿ, ನಾನು ಕೇಳಿದ್ದು ಫೈಲ್! ಲ್ಯಾಪ್‌ಟಾಪ್ ಹೊಸದಾಗಲಿ ಅಂತ ಯಾರು ಹರಕೆ ಹೊತ್ತಿದ್ರು? ನೆಗಡಿ ಬಂತು ಅಂತ ಮೂಗೇ ಕೊಯ್ಯೋ ಬುದ್ಧಿ ಇದು.

ಲ್ಯಾಪ್‌ಟಾಪ್ ಕಂಪನಿಯ ಹೆಲ್ಪ್‌ಲೈನ್‌ಗೆ ಫೋನ್ ಮಾಡಿದೆ. ಕಿವಿ ಬಿಸಿಯಾಗೋವರೆಗೂ ಸಂಗೀತ ಕೇಳಿಸಿ, ಆಮೇಲೆ ಒಬ್ಬ ಪುಣ್ಯಾತ್ಮ ಸಿಕ್ಕ. ಪವರ್ ಬಟನ್ ಒತ್ತಿ ಹಿಡೀರಿ ಸರ್. ಚಾರ್ಜರ್ ತೆಗೀರಿ ಸರ್. ಈಗ 'ರಿಸೆಟ್ ದಿಸ್ ಪಿಸಿ' ಒತ್ತಿ ಸರ್. ಅದರಲ್ಲಿ ಎರಡು ದಾರಿ ಬರುತ್ತೆ: ಒಂದು 'ಕೀಪ್ ಮೈ ಫೈಲ್ಸ್', ಇನ್ನೊಂದು 'ರಿಮೂವ್ ಎವೆರಿಥಿಂಗ್', ಅಂದ್ರೆ ಎಲ್ಲಾ ಅಳಿಸು. ಈ ಆಸಾಮಿ ಸಲೀಸಾಗಿ ಎರಡನೇದು ಒತ್ತಿ ಅಂದ! ಫೈಲ್ ಹೋಗಲ್ವೇನಪ್ಪ ಅಂದ್ರೆ, "ಡೇಟಾಗೆ ನಾವು ಜವಾಬ್ದಾರರಲ್ಲ ಸರ್" ಅಂತ ತಣ್ಣಗೆ ಹೇಳ್ತಾನೆ. ನಾನು ಕೇಳದೇ ಇದ್ದಿದ್ರೆ? ಎಷ್ಟು ಜನ ಅವನ ಮಾತು ನಂಬಿ ಒತ್ತಿರಬಹುದು, ಯೋಚನೆ ಮಾಡಿ.

ವಿಂಡೋಸ್ ಕೆಡೋದು ಬೇರೆ, ಡಿಸ್ಕ್ ಕೆಡೋದು ಬೇರೆ. ಇಷ್ಟು ಗೊತ್ತಿಲ್ಲದವರು ಫೋನ್ ಯಾಕೆ ಎತ್ತುತ್ತಾರೋ! ಡಿಸ್ಕ್ ಚೆನ್ನಾಗಿದ್ರೆ, ಬೇರೆ ಕಂಪ್ಯೂಟರ್‌ನಲ್ಲಿ ಒಂದು ಪೆನ್‌ಡ್ರೈವ್‌ಗೆ ಉಬುಂಟು (ವಿಂಡೋಸ್ ಥರದ್ದೇ ಇನ್ನೊಂದು ಪುಕ್ಕಟೆ ಆಪರೇಟಿಂಗ್ ಸಿಸ್ಟಮ್) ಹಾಕಿ, ಕೆಟ್ಟ ಲ್ಯಾಪ್‌ಟಾಪನ್ನ ಅದರಿಂದಲೇ ಬೂಟ್ ಮಾಡಿ (ಶುರು ಮಾಡಿ), ಇನ್‌ಸ್ಟಾಲ್ ಮಾಡದೆ 'ಟ್ರೈ' ಅಂತ ಒತ್ತಿದ್ರೆ ಸಾಕು. ಒಳಗಿನ ಡಿಸ್ಕ್ ಎಡಗಡೆ ಕಾಣುತ್ತೆ, ಬೇಕಾದ್ದನ್ನ ಹೊರಗಿನ ಡ್ರೈವ್‌ಗೆ ಕಾಪಿ ಮಾಡ್ಕೋಬಹುದು. ಇಲ್ಲಾಂದ್ರೆ ಎಸ್‌ಎಸ್‌ಡಿ (ಈಗಿನ ಲ್ಯಾಪ್‌ಟಾಪ್‌ಗಳಲ್ಲಿರೋ, ತಿರುಗದ ಡಿಸ್ಕ್) ಬಿಚ್ಚಿ ಎನ್‌ಕ್ಲೋಶರ್‌ಗೆ (ಡಿಸ್ಕನ್ನ ಯುಎಸ್‌ಬಿಗೆ ಸೇರಿಸೋ ಡಬ್ಬಿ) ಹಾಕಿ ಬೇರೆ ಕಂಪ್ಯೂಟರ್‌ಗೆ ಚುಚ್ಚಿ. (ಎಸ್‌ಎಸ್‌ಡಿ ಸಾಟಾ ಜಾತಿನೋ ಎನ್‌ವಿಎಂಇ ಜಾತಿನೋ ನೋಡ್ಕೊಂಡೇ ಎನ್‌ಕ್ಲೋಶರ್ ತಗೊಳ್ಳಿ. ಎರಡೂ ಒಂದೇ ಥರದ ಚಪ್ಪಟೆ ಪಟ್ಟಿ ಆಗಿರಬಹುದು, ಆದ್ರೆ ಸಾಮಾನ್ಯವಾಗಿ ಒಂದರದ್ದು ಇನ್ನೊಂದಕ್ಕೆ ನಡೆಯಲ್ಲ.) ಎಸ್‌ಎಸ್‌ಡಿಯನ್ನ ಬೋರ್ಡ್‌ಗೇ ಬೆಸುಗೆ ಹಾಕಿ ಕೂರಿಸಿರೋ ಲ್ಯಾಪ್‌ಟಾಪ್‌ಗಳೂ ಇವೆ, ಅವುಗಳಲ್ಲಿ ಬಿಚ್ಚೋ ಪ್ರಶ್ನೆಯೇ ಇಲ್ಲ. ಆ ಐಡಿಯಾ ಕೊಟ್ಟವನಿಗೂ ಒಂದು ನಮಸ್ಕಾರ.

ಇನ್ನೊಬ್ಬ ಬುದ್ಧಿವಂತ ಪರಿಚಯಸ್ಥರು: "ಫಾರ್ಮ್ಯಾಟ್ ಆದ್ಮೇಲೂ ರಿಕವರಿ ಸಾಫ್ಟ್‌ವೇರ್ ಹಾಕಿ ತೆಗೀಬಹುದು ಬಿಡ್ರೀ." ಅದು ಹಳೇ ತಿರುಗೋ ಹಾರ್ಡ್ ಡಿಸ್ಕ್ ಕಾಲದ ಮಾತು. ಎಸ್‌ಎಸ್‌ಡಿಯಲ್ಲಿ ಟ್ರಿಮ್ ಅಂತ ಒಂದಿದೆ. ಈ ಜಾಗ ಖಾಲಿ ಅಂತ ವಿಂಡೋಸ್ ಡ್ರೈವ್‌ಗೆ ಹೇಳಿಬಿಡುತ್ತೆ, ಡ್ರೈವ್ ತನ್ನ ಪಾಡಿಗೆ ಅದನ್ನ ಒರೆಸಿ ಹಾಕುತ್ತೆ. ಆಮೇಲೆ ಯಾವ ಸಾಫ್ಟ್‌ವೇರ್ ತಂದ್ರೂ ಸಿಗೋದು ಹೆಚ್ಚುಕಮ್ಮಿ ಸೊನ್ನೆ. ಇನ್ನು ಹಾರ್ಡ್ ಡಿಸ್ಕ್ ಟಿಕ್ ಟಿಕ್ ಅಂತಿದ್ರೂ ಚೆಕ್‌ಡಿಸ್ಕ್ (ವಿಂಡೋಸ್‌ನ ಡಿಸ್ಕ್ ತಪಾಸಣೆ) ಓಡಿಸಿ ಅನ್ನೋರಿದ್ದಾರೆ. ಸಾಯ್ತಿರೋ ಡಿಸ್ಕ್ ಕೈಲಿ ಗಂಟೆಗಟ್ಟಲೆ ದುಡಿಸೋದಾ? ತಕ್ಷಣ ಆಫ್ ಮಾಡ್ಬೇಕು. ಬಡ್ಕೊಂಡ್ರೂ ಕೇಳಲ್ಲ.

ನನ್ನ ಡಿಸ್ಕ್ ಗಟ್ಟಿಯಾಗೇ ಇತ್ತು. ಆದ್ರೆ ಉಬುಂಟುನಲ್ಲಿ ಅದರ ಪಕ್ಕದಲ್ಲೊಂದು ಪುಟ್ಟ ಬೀಗದ ಚಿತ್ರ. ಬಿಟ್‌ಲಾಕರ್! ವಿಂಡೋಸ್ ಡಿಸ್ಕ್‌ಗೆ ಹಾಕೋ ಬೀಗ, ಕೀ ಇಲ್ಲದೆ ಫೈಲ್ ಓದಕ್ಕಾಗಲ್ಲ. ನಾನು ಯಾವತ್ತೂ ಆನ್ ಮಾಡಿದ್ದಲ್ಲ. ಎಷ್ಟೋ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಸೈನ್ ಇನ್ ಆದ್ರೆ ಈ ಬೀಗ (ಎನ್‌ಕ್ರಿಪ್ಷನ್) ತಾನಾಗೇ ಬೀಳುತ್ತೆ. ಅದನ್ನ ತೆಗೆಯೋ ರಿಕವರಿ ಕೀ ಅದೇ ಅಕೌಂಟ್‌ನಲ್ಲಿ ಕೂತಿರುತ್ತೆ. ಇಷ್ಟು ದೊಡ್ಡ ವಿಷಯ ಹೆಲ್ಪ್‌ಲೈನ್‌ನವನ ಬಾಯಲ್ಲಿ ಒಂದು ಸಲವೂ ಬರಲಿಲ್ಲ! ಫೋನ್‌ನಲ್ಲಿ ಲಾಗಿನ್ ಆಗಿ ನೋಡಿದ್ರೆ ಆರಾರು ಅಂಕಿಯ ಎಂಟು ಗುಂಪು, ಒಟ್ಟು 48 ಅಂಕಿ. ಹಳೇ ಲ್ಯಾಪ್‌ಟಾಪ್‌ದೂ ಅಲ್ಲೇ ಇತ್ತು, ಕೀ ಐಡಿ ತಾಳೆ ಹಾಕಿ ನಮ್ಮದು ಯಾವುದು ಅಂತ ಹುಡುಕಬೇಕು. ನಡುವಿನ ಗೆರೆಗಳ ಸಮೇತ ಟೈಪ್ ಮಾಡಿದೆ, ತಪ್ಪಾಯ್ತು, ಮತ್ತೆ ಮಾಡಿದೆ, ತೆರೀತು.

"ಬ್ಯಾಕಪ್ ಇಟ್ಕೊಂಡಿರ್ಲಿಲ್ವಾ?" ಅನ್ನೋರಿಗೆ: ಇತ್ತು ರೀ. ಬ್ಯಾಕಪ್ ತೆಗೆದಾದ ಮೇಲೆ ಮಾಡಿದ ಕೆಲಸ ಎಲ್ಲಿರುತ್ತೆ, ಅದನ್ನ ನೀವೇ ಹೇಳಿ.

ಫೈಲ್‌ಗಳು ಕಾಪಿ ಆಗ್ತಿರುವಾಗಲೇ ಹೆಲ್ಪ್‌ಲೈನ್‌ನಿಂದ ಮೆಸೇಜು: ನಿಮ್ಮ ಸಮಸ್ಯೆ ಬಗೆಹರಿದಿದೆ, ದೂರನ್ನು ಮುಕ್ತಾಯಗೊಳಿಸಲಾಗಿದೆ. ಯಾರಪ್ಪ ಬಗೆಹರಿಸಿದ್ದು?