ಆ ಊರಿಗೆ ಬಸ್ಸೇ ಇಲ್ಲದಿದ್ದರೆ?

"ತಪ್ಪೇ ಮಾಡದೆ ಯಾರನ್ನಾದರೂ ವರ್ಷಗಟ್ಟಲೆ ಒಳಗೆ ಹಾಕ್ತಾರಾ?" ಅಂತ ಗೆಳೆಯನೊಬ್ಬ ಮೊನ್ನೆ ಕೇಳಿದ. ಹಾಕುತ್ತಾರೆ. ಕಾನೂನು ಪ್ರಕಾರವೇ ಹಾಕುತ್ತಾರೆ. ಆಗ ಸರಿಯಾಗಿ ವಿವರಿಸಲು ಆಗಲಿಲ್ಲ, ಮಾತು ಬೇರೆ ಕಡೆ ಹೋಯಿತು. ಅದಕ್ಕೇ ಈಗ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ಜೈಲು ಬೇರೆ, ವಲಸೆ ಬಂಧನ ಬೇರೆ. ಜೈಲಿಗೆ ಹೋದವನಿಗೆ ಇಷ್ಟು ವರ್ಷ ಶಿಕ್ಷೆ ಅಂತ ಇರುತ್ತದೆ. ಗೋಡೆ ಮೇಲೆ ಗೀಟು ಎಳೆದು ದಿನ ಎಣಿಸಬಹುದು. ವಲಸೆ ಬಂಧನ ಶಿಕ್ಷೆಯಲ್ಲ, ಆಡಳಿತದ ಒಂದು ಏರ್ಪಾಡು. ಇರಲು ಪರವಾನಗಿ ಇಲ್ಲದವನನ್ನು ಅವನ ದೇಶಕ್ಕೆ ಕಳಿಸುವ ತನಕ ಹಿಡಿದಿಟ್ಟುಕೊಳ್ಳುವುದು, ಅಷ್ಟೇ. ಶಿಕ್ಷೆ ಅಲ್ಲ ಎನ್ನುವ ಕಾರಣಕ್ಕೇ ಎಷ್ಟೋ ದೇಶಗಳಲ್ಲಿ ಅದಕ್ಕೆ ಅವಧಿಯೂ ಇಲ್ಲ. ಬಸ್ಸು ಬರುವ ತನಕ ಇಲ್ಲೇ ಕೂತಿರು ಅಂದ ಹಾಗೆ. ಆದರೆ ಆ ಊರಿಗೆ ಬಸ್ಸೇ ಇಲ್ಲದಿದ್ದರೆ?

ಯಾವ ದೇಶವೂ ತನ್ನ ಕಾನೂನಿನ ಪ್ರಕಾರ ತನ್ನ ಪ್ರಜೆ ಅಂತ ಒಪ್ಪದ ಮನುಷ್ಯ ಪೌರತ್ವ ಇಲ್ಲದವನು ಅಂತ 1954ರ ವಿಶ್ವಸಂಸ್ಥೆ ಒಪ್ಪಂದ ಹೇಳುತ್ತದೆ. ಇಂಥವರು ಆಕಾಶದಿಂದ ಉದುರಿದವರಲ್ಲ. 1991ರಲ್ಲಿ ಸೋವಿಯತ್ ಒಕ್ಕೂಟ ಮುರಿದಾಗ ಎಷ್ಟೋ ಜನರ ಜೇಬಿನಲ್ಲಿದ್ದ ಪಾಸ್‌ಪೋರ್ಟ್ ಇಲ್ಲದ ದೇಶದ್ದಾಯಿತು. ಮ್ಯಾನ್ಮಾರ್‌ನ 1982ರ ಪೌರತ್ವ ಕಾನೂನು ರೋಹಿಂಗ್ಯಾಗಳನ್ನು ಹೊರಗಿಟ್ಟಿತು. ತಾಯಿ ತನ್ನ ಪೌರತ್ವವನ್ನು ಮಗುವಿಗೆ ತಂದೆಯಷ್ಟೇ ಸಲೀಸಾಗಿ ಕೊಡಲಾಗದ ದೇಶಗಳು ಈಗಲೂ 20ಕ್ಕಿಂತ ಜಾಸ್ತಿ ಇವೆ. ಅಲ್ಲಿ ಅಪ್ಪ ಯಾರೆಂದು ಗೊತ್ತಿಲ್ಲದ ಮಗು ಹುಟ್ಟಿದ ದಿನವೇ ಯಾರದ್ದೂ ಅಲ್ಲದ ಮಗುವಾಗಿಬಿಡಬಹುದು. ಲೆಕ್ಕಕ್ಕೆ ಸಿಕ್ಕವರೇ ಜಗತ್ತಿನಲ್ಲಿ ಸುಮಾರು 44 ಲಕ್ಷ. ಸಿಗದವರು ಇನ್ನೂ ಜಾಸ್ತಿ.

ಇಂಥವನೊಬ್ಬ ಸಿಕ್ಕಿಬಿದ್ದಾಗ ಏನಾಗುತ್ತೆ ನೋಡಿ. ಅಧಿಕಾರಿ ಒಂದು ಫಾರಂ ತೆಗೆಯುತ್ತಾನೆ. ಹೆಸರು, ಹುಟ್ಟಿದ ದಿನ, ರಾಷ್ಟ್ರೀಯತೆ. ಮೂರನೆಯ ಖಾನೆ ಖಾಲಿ ಬಿಡುವ ಹಾಗಿಲ್ಲ. ಹುಟ್ಟಿದ ಊರು ಯಾವ ದೇಶದಲ್ಲಿದೆಯೋ ಅದನ್ನೇ ಬರೆದುಬಿಡುತ್ತಾನೆ. ಆ ಒಂದು ಪದದ ಬೆನ್ನು ಹತ್ತಿ ಕಡತ ಆ ದೇಶದ ರಾಯಭಾರ ಕಚೇರಿಗೆ ಹೋಗುತ್ತದೆ. ಅಲ್ಲಿಂದ ಉತ್ತರ ಇಲ್ಲ. ಮತ್ತೆ ಪತ್ರ. ಮತ್ತೆ ಉತ್ತರ ಇಲ್ಲ. ಇವನು ನಮ್ಮವನಲ್ಲ ಅಂತ ಬರೆದುಕೊಟ್ಟರೂ ಎಷ್ಟೋ ಉಪಕಾರ, ಅದನ್ನೂ ಬರೆಯುವುದಿಲ್ಲ. ಒಳಗಿರುವವನನ್ನು ಕೇಳಿದರೆ "ದಾಖಲೆ ಕೊಡು, ನೀನು ಸಹಕರಿಸುತ್ತಿಲ್ಲ" ಅನ್ನುತ್ತಾರೆ. ಇಲ್ಲದ್ದನ್ನು ಎಲ್ಲಿಂದ ತರುತ್ತಾನೆ? ಇದೆ ಅಂತ ಸಾಬೀತು ಮಾಡಬಹುದು. ಜಗತ್ತಿನ ಯಾವ ಮೂಲೆಯಲ್ಲೂ ಇಲ್ಲ ಅಂತ ಕೋಣೆಯೊಳಗೆ ಕೂತು ಸಾಬೀತು ಮಾಡು ಅಂದರೆ ಯಾರ ಕೈಲಾಗುತ್ತೆ?

ನನ್ನ ವಾದ ಇಷ್ಟೇ. ಗಡೀಪಾರಿಗೋಸ್ಕರ ಹಿಡಿದಿಟ್ಟಿದ್ದೀರಿ ಅಂದಮೇಲೆ, ಗಡೀಪಾರು ಆಗಲ್ಲ ಅಂತ ಗೊತ್ತಾದ ದಿನವೇ ಆ ಕಾರಣ ಮುಗಿಯಿತು. ಆ ದಿನ ಯಾವುದು ಅಂತ ನೋಡುವ ಕೆಲಸ ಕೋರ್ಟಿನದ್ದಾಗಬೇಕು, ವಲಸೆ ಇಲಾಖೆಯದ್ದಲ್ಲ.

ಕೋರ್ಟುಗಳಾದರೂ ಇದನ್ನು ಸುಲಭಕ್ಕೆ ಒಪ್ಪಿವೆಯಾ? ಆಸ್ಟ್ರೇಲಿಯಾದ ಕಥೆ ಕೇಳಿ. ಕುವೈತಿನಲ್ಲಿ ಹುಟ್ಟಿದ ಅಲ್-ಕತೇಬ್ ಎಂಬ ಪ್ಯಾಲೆಸ್ಟೀನಿ ಯುವಕ 2000ದ ಕೊನೆಗೆ ದೋಣಿಯಲ್ಲಿ ಅಲ್ಲಿಗೆ ಬಂದ. ಆಶ್ರಯ ಸಿಗಲಿಲ್ಲ. ಕೊನೆಗೆ ಅವನೇ "ನನ್ನನ್ನು ಕುವೈತಿಗೋ ಗಾಜಾಕ್ಕೋ ಕಳಿಸಿಬಿಡಿ" ಅಂತ ಕೇಳಿಕೊಂಡ. ಕಳಿಸಲು ಸರ್ಕಾರ ರೆಡಿ, ಹೋಗಲು ಅವನು ರೆಡಿ, ಸೇರಿಸಿಕೊಳ್ಳುವವರೇ ಇಲ್ಲ. 2004ರಲ್ಲಿ ಅಲ್ಲಿನ ಹೈಕೋರ್ಟ್, ಅಂದರೆ ಅವರ ಅತ್ಯುನ್ನತ ಕೋರ್ಟು, 4-3ರ ಬಹುಮತದಲ್ಲಿ ತೀರ್ಪು ಕೊಟ್ಟಿತು: ಎಷ್ಟು ಕಾಲ ಬೇಕಾದರೂ ಇಡಬಹುದು. ಬಹುಮತದ ಒಬ್ಬ ನ್ಯಾಯಮೂರ್ತಿಯೇ ಅವನ ಪರಿಸ್ಥಿತಿಯನ್ನು ದುರಂತ ಅಂತ ಕರೆದು, ಆದರೂ ಕಾನೂನು ಹೀಗೇ ಇದೆ ಅಂದುಬಿಟ್ಟರು. ನಮ್ಮ ತ್ರಿಶಂಕುವಿಗೆ ನಡುವೆ ನೇತಾಡಲು ಒಂದು ಸ್ವರ್ಗವನ್ನಾದರೂ ಕಟ್ಟಿಕೊಟ್ಟಿದ್ದರು. ಇವನಿಗೆ ಅದೂ ಇಲ್ಲ.

ಆ ತೀರ್ಪು ರದ್ದಾಗಿದ್ದು 19 ವರ್ಷದ ನಂತರ, 2023ರ ನವೆಂಬರಿನಲ್ಲಿ. ಎನ್‌ಝಡ್‌ವೈಕ್ಯೂ ಎಂಬ ಗುಪ್ತ ಹೆಸರಿನ ರೋಹಿಂಗ್ಯಾ ಒಬ್ಬನ ಕೇಸಿನಲ್ಲಿ. ಹತ್ತಿರದ ಭವಿಷ್ಯದಲ್ಲಿ ಹೊರಕಳಿಸುವ ನಿಜವಾದ ಸಾಧ್ಯತೆ ಇಲ್ಲದಿದ್ದರೆ ಬಂಧನ ಅಸಾಂವಿಧಾನಿಕ, ಯಾಕೆಂದರೆ ಆಗ ಅದು ಶಿಕ್ಷೆಯೇ ಆಗಿಬಿಡುತ್ತದೆ, ಶಿಕ್ಷೆ ಕೊಡುವ ಅಧಿಕಾರ ಕೋರ್ಟಿಗೆ ಮಾತ್ರ ಇದೆ ಅಂತ ಹೈಕೋರ್ಟ್ ಹೇಳಿತು. ನೂರಕ್ಕೂ ಹೆಚ್ಚು ಜನ ಹೊರಬಂದರು.

ಇಲ್ಲಿ ಒಂದು ಕಹಿ ಸಂಗತಿ ಇದೆ. ಮುಚ್ಚಿಟ್ಟರೆ ನನ್ನ ವಾದಕ್ಕೆ ಮರ್ಯಾದೆ ಇರಲ್ಲ. ಈ ಎನ್‌ಝಡ್‌ವೈಕ್ಯೂ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಎಸಗಿ ಜೈಲಿಗೆ ಹೋಗಿದ್ದವನು. ಪೆರೋಲ್ ಮೇಲೆ ಜೈಲಿನಿಂದ ಹೊರಬಂದವನನ್ನು ವಲಸೆ ಬಂಧನಕ್ಕೆ ಹಾಕಿದ್ದರು. ಓದಿದಾಗ ನನಗೂ ಹೊಟ್ಟೆ ತೊಳಸಿತು. ಇಂಥವನ ಪರ ನಿಲ್ಲಬೇಕಾ ಅನ್ನಿಸಿತು. ಎರಡು ದಿನ ಅದನ್ನೇ ಯೋಚಿಸಿದೆ. ಅದೇ ಅಪರಾಧ ಮಾಡಿದ ಆಸ್ಟ್ರೇಲಿಯಾದ ಪ್ರಜೆ ಶಿಕ್ಷೆ ಮುಗಿಸಿ ಮನೆಗೆ ಹೋಗುತ್ತಾನೆ, ಅಲ್ವಾ? ಇವನು ಮತ್ತೆ ಒಳಗೆ ಹೋದದ್ದು ಅಪರಾಧಕ್ಕಲ್ಲ, ಪಾಸ್‌ಪೋರ್ಟ್ ಇಲ್ಲದ್ದಕ್ಕೆ. ಅವನು ಅಪಾಯ ಅನ್ನಿಸಿದರೆ ಅದಕ್ಕೆ ಪೊಲೀಸರಿದ್ದಾರೆ, ಕೋರ್ಟಿದೆ, ಬೇರೆ ಕಾನೂನಿದೆ. ಅವನನ್ನು ಇಡೀ ಜೀವಮಾನ ಮುಚ್ಚಿಡುವ ಅದೇ ಕಾನೂನು ಯಾರಿಗೂ ಕೇಡು ಮಾಡದ ಅಲ್-ಕತೇಬ್‌ನನ್ನೂ ಮುಚ್ಚಿಟ್ಟಿತ್ತು. ನಮಗೆ ಇಷ್ಟವಾದವರಿಗೆ ಮಾತ್ರ ಹಕ್ಕು ಕೊಡುತ್ತೇವೆ ಅಂದರೆ ಅದಕ್ಕೆ ಸುಮ್ನೆ ಹಕ್ಕು ಅಂತ ಹೆಸರು ಯಾಕೆ?

ಸರ್ಕಾರ ಸುಮ್ಮನೆ ಕೂರಲಿಲ್ಲ ಅನ್ನಿ. ಬಿಟ್ಟವರ ಕಾಲಿಗೆ ಎಲೆಕ್ಟ್ರಾನಿಕ್ ಪಟ್ಟಿ, ರಾತ್ರಿ ಕರ್ಫ್ಯೂ. ಮರುವರ್ಷ ಅದೂ ಶಿಕ್ಷೆಯೇ ಅಂತ ಹೈಕೋರ್ಟ್ ಆ ನಿಯಮವನ್ನು ಹೊಡೆದುಹಾಕಿತು. 2025ರಲ್ಲಿ ನೌರು ಎಂಬ ಪುಟ್ಟ ದ್ವೀಪ ದೇಶಕ್ಕೆ ದುಡ್ಡು ಕೊಟ್ಟು ಇವರನ್ನು ಅಲ್ಲಿಗೆ ಸಾಗಿಸುವ ಒಪ್ಪಂದ ಮಾಡಿಕೊಂಡರು. ರಂಗೋಲಿ ಕೆಳಗೆ ನುಸುಳುವುದು ಅಂದರೆ ಇದೇ.

ಅಮೆರಿಕದ್ದು ಇನ್ನೊಂದು ಬಗೆ. ಜಾದ್ವಿದಾಸ್ ಎಂಬಾತ 1948ರಲ್ಲಿ ಜರ್ಮನಿಯ ನಿರಾಶ್ರಿತರ ಶಿಬಿರದಲ್ಲಿ ಹುಟ್ಟಿದವನು, ಅಪ್ಪ ಅಮ್ಮ ಲಿಥುವೇನಿಯಾದವರು. ಅಮೆರಿಕ ಅವನನ್ನು ಹೊರಕಳಿಸಲು ಹೊರಟಾಗ ಜರ್ಮನಿಯೂ ಬೇಡ ಅಂದಿತು, ಲಿಥುವೇನಿಯಾವೂ ಬೇಡ ಅಂದಿತು. 2001ರಲ್ಲಿ ಸುಪ್ರೀಂ ಕೋರ್ಟ್ 5-4ರಲ್ಲಿ ಒಂದು ಲೆಕ್ಕ ಹಾಕಿಕೊಟ್ಟಿತು. ಗಡೀಪಾರಿನ ಆದೇಶ ಅಂತಿಮವಾದ ಮೇಲೆ 6 ತಿಂಗಳು ಇಡಬಹುದು. ಆಮೇಲೆ ಕಳಿಸುವ ಸಾಧ್ಯತೆ ಇಲ್ಲ ಅಂತ ಬಂಧಿ ತೋರಿಸಿದರೆ, ಇದೆ ಅಂತ ಸರ್ಕಾರ ತೋರಿಸಬೇಕು. ಇಲ್ಲದಿದ್ದರೆ ಬಿಡಬೇಕು. ಯುರೋಪಿಯನ್ ಒಕ್ಕೂಟದ 2008ರ ನಿರ್ದೇಶನದಲ್ಲಿ 6 ತಿಂಗಳು, ಜಾಸ್ತಿ ಅಂದರೆ ಅದರ ಮೇಲೆ ಇನ್ನೂ 12 ತಿಂಗಳು. ಬ್ರಿಟನ್ನಿನಲ್ಲಿ ಇವತ್ತಿಗೂ ಸಂಖ್ಯೆಯೇ ಇಲ್ಲ, "ಸಮಂಜಸ ಅವಧಿ" ಅನ್ನುವ 1983ರ ತೀರ್ಪಿನ ಮೇಲೆ ಬಂಡಿ ಓಡುತ್ತಿದೆ. ಸಮಂಜಸ ಅನ್ನುವ ಪದವನ್ನು ಹೇಗೆ ಬೇಕಾದರೂ ಎಳೆಯಬಹುದು. 6 ಅನ್ನುವ ಅಂಕಿಯನ್ನು ಎಳೆಯೋದು ಕಷ್ಟ.

ಭಾರತದಲ್ಲಿ? 1954ರ ಒಪ್ಪಂದಕ್ಕೆ ನಾವು ಸಹಿ ಹಾಕಿಲ್ಲ. ಆದರೆ ಸಂವಿಧಾನದ 21ನೇ ವಿಧಿ ಪ್ರಜೆಗಳಿಗೆ ಅಂತ ಹೇಳುವುದಿಲ್ಲ, ಯಾವುದೇ ವ್ಯಕ್ತಿಗೆ ಅಂತ ಹೇಳುತ್ತದೆ. ಅಸ್ಸಾಮಿನಲ್ಲಿ ವಿದೇಶಿಯರು ಅಂತ ಘೋಷಿತರಾಗಿ 3 ವರ್ಷ ಒಳಗಿದ್ದವರನ್ನು ಬಿಡಬಹುದು ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿತು. ಷರತ್ತು: ತಲಾ 1 ಲಕ್ಷದ ಇಬ್ಬರು ಜಾಮೀನುದಾರರು. ಮೂರು ವರ್ಷ ಒಳಗಿದ್ದ ಬಡವನಿಗೆ ಲಕ್ಷದ ಜಾಮೀನು ಯಾರು ನಿಲ್ಲುತ್ತಾರೆ? 2020ರಲ್ಲಿ ಕೊರೊನಾ ಬಂದಾಗ ಅದನ್ನು 2 ವರ್ಷಕ್ಕೆ, 5 ಸಾವಿರಕ್ಕೆ ಇಳಿಸಿದರು. ವೈರಸ್ಸಿಗಿದ್ದ ಕರುಣೆ ನೋಡಿ. 2025ರಲ್ಲಿ, ಇವರ ವಿದೇಶದ ವಿಳಾಸ ಗೊತ್ತಿಲ್ಲ ಅಂತ ಅಸ್ಸಾಂ ಸರ್ಕಾರ ಹೇಳಿದಾಗ, ಕಳಿಸಲು ಮುಹೂರ್ತಕ್ಕೆ ಕಾಯುತ್ತಿದ್ದೀರಾ ಅಂತ ಕೋರ್ಟೇ ಕೇಳಿತು. ನನಗೆ ಅನ್ನಿಸುವುದು ಬೇರೆ. ಎಷ್ಟು ಹುಡುಕಿದರೂ ವಿದೇಶದ ವಿಳಾಸ ಸಿಗುತ್ತಿಲ್ಲ ಅಂದರೆ ಅಂಥ ವಿಳಾಸವೇ ಇಲ್ಲದೆ ಇರಬಹುದಲ್ವಾ?

ಇನ್ನು, ಬಿಟ್ಟರೆ ಕಥೆ ಮುಗಿಯಿತು ಅಂದುಕೊಳ್ಳಬೇಡಿ. ರಷ್ಯಾದಲ್ಲಿ ಕಿಮ್ ಎಂಬಾತನ ಕೇಸು ಇದಕ್ಕೆ ಸಾಕ್ಷಿ. ಸೋವಿಯತ್ ಕಾಲದ ಉಜ್ಬೆಕಿಸ್ತಾನದಲ್ಲಿ ಹುಟ್ಟಿದವನು. 2011ರಲ್ಲಿ ಕಾಗದಪತ್ರ ಇಲ್ಲ ಅಂತ ಹಿಡಿದರು. ಉಜ್ಬೆಕ್ ರಾಯಭಾರ ಕಚೇರಿಗೆ ಪತ್ರದ ಮೇಲೆ ಪತ್ರ. ಎರಡು ವರ್ಷ ಹೀಗೇ ಕಳೆಯಿತು, ಅವನು ಉಜ್ಬೆಕ್ ಪ್ರಜೆ ಅಲ್ಲ ಅಂತ ಗೊತ್ತಾಗಿದ್ದೇ ಲಾಭ. ಕಾನೂನಿನ ಗರಿಷ್ಠ ಅವಧಿ ಮುಗಿದು 2013ರಲ್ಲಿ ಬಿಟ್ಟರು. ಗೇಟು ದಾಟಿದವನ ಕೈಯಲ್ಲಿ ಹಿಡಿದ ದಿನ ಎಷ್ಟು ಕಾಗದ ಇತ್ತೋ ಅಷ್ಟೇ. ಅಂದರೆ ರಸ್ತೆಯಲ್ಲಿ ಮೊದಲು ಎದುರಾದ ಪೊಲೀಸನೇ ಮತ್ತೆ ಅದೇ ಕೇಸು ಹಾಕಬಹುದಿತ್ತು. 2014ರಲ್ಲಿ ಯುರೋಪಿನ ಮಾನವ ಹಕ್ಕುಗಳ ಕೋರ್ಟು ಬಂಧನ ತಪ್ಪು ಅಂದಿದ್ದಷ್ಟೇ ಅಲ್ಲ, ಅದೇ ಕಾರಣಕ್ಕೆ ಅವನನ್ನು ಮತ್ತೆ ಹಿಡಿಯದಂತೆ ಏನಾದರೂ ಮಾಡಿ ಅಂತಲೂ ರಷ್ಯಾಕ್ಕೆ ಹೇಳಬೇಕಾಯಿತು.

ಆ ಏನಾದರೂ ಏನು ಅಂತ 1954ರ ಒಪ್ಪಂದದ 27ನೇ ವಿಧಿಯಲ್ಲೇ ಇದೆ. ಒಂದೇ ಒಂದು ವಾಕ್ಯ. ನಿಮ್ಮ ನೆಲದಲ್ಲಿರುವ, ಪ್ರಯಾಣದ ದಾಖಲೆ ಇಲ್ಲದ, ಪೌರತ್ವವಿಲ್ಲದ ಯಾರಿಗೇ ಆಗಲಿ ಗುರುತಿನ ಚೀಟಿ ಕೊಡಿ ಅಂತ. ಕಾನೂನು ಪ್ರಕಾರ ಬಂದವನಾ ಅಂತ ಅದು ಕೇಳುವುದಿಲ್ಲ. ಗೆಳೆಯ ಮತ್ತೆ ಫೋನ್ ಮಾಡಿದಾಗ ಇದನ್ನೇ ಹೇಳಿದೆ. "ಹಾಗಾದ್ರೆ ಬಂದವರಿಗೆಲ್ಲಾ ಪೌರತ್ವ ಕೊಟ್ಟುಬಿಡ್ಬೇಕಾ?" ಅಂದ. ಇಲ್ಲಪ್ಪಾ, ಒಂದು ಚೀಟಿ, ಬಿಡುಗಡೆಯ ಒಂದು ತಾರೀಖು, ಸದ್ಯಕ್ಕೆ ಅಷ್ಟೇ ಕೇಳ್ತಿರೋದು ಅಂದೆ.