ತಾಳೆಯಾಗುವ ಲೆಕ್ಕ

ಬೇಸ್‌ಬಾಲ್ ಪಂದ್ಯವೊಂದು ಮುಗಿದು, ಅದರ ಗದ್ದಲ, ಧೂಳು, ಜಗಳಗಳೆಲ್ಲ ಅಡಗಿದ ಮೇಲೆ ಅಂಗೈಯಗಲದ ಒಂದು ಕೋಷ್ಟಕ ಉಳಿಯುತ್ತದೆ. ಅಮೆರಿಕದವರು ಅದನ್ನು ಬಾಕ್ಸ್ ಸ್ಕೋರ್ ಎನ್ನುತ್ತಾರೆ. ಕ್ರಿಕೆಟ್ಟಿನ ಸ್ಕೋರ್ ಕಾರ್ಡ್ ಓದಿ ಬೆಳೆದ ನಮ್ಮಂಥವರಿಗೆ ಅದರಲ್ಲಿ ಪರಿಚಿತ ಚಹರೆಯೊಂದು ಕಂಡರೆ ಆಶ್ಚರ್ಯಪಡಬೇಕಾದ್ದಿಲ್ಲ. ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ 1824ರಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ನ್ಯೂಯಾರ್ಕಿನ ಬ್ರೂಕ್ಲಿನ್‌ಗೆ ಬಂದು, ಪತ್ರಿಕೆಗಳಿಗೆ ಕ್ರಿಕೆಟ್ ವರದಿ ಬರೆಯುತ್ತಿದ್ದ ಹೆನ್ರಿ ಚಾಡ್ವಿಕ್ ಅವರೇ 1859ರ ಸುಮಾರಿಗೆ ಕ್ರಿಕೆಟ್ಟಿನ ಪಟ್ಟಿಯನ್ನು ಈ ಹೊಸ ಆಟಕ್ಕೆ ಹೊಂದಿಸಿದವರು.

ಈ ಪಟ್ಟಿ ಮಹಾ ಜಿಪುಣ. ಬ್ಯಾಟರ್‌ನ ಹೆಸರಿನ ಮುಂದೆ ಎಷ್ಟು ಸಲ ಬ್ಯಾಟ್ ಹಿಡಿದ, ಎಷ್ಟು ರನ್, ಎಷ್ಟು ಹಿಟ್ (ಹೊಡೆದು ಔಟಾಗದೆ ಬೇಸ್, ಅಂದರೆ ಓಟದ ದಾರಿಯ ನಿಲ್ದಾಣ, ತಲುಪಿದ್ದು) ಎಂಬ ಅಂಕಿಗಳು ಸಾಲಾಗಿ ನಿಲ್ಲುತ್ತವೆ. ಬೇಲಿಯವರೆಗೆ ಹಾರಿದ ಚೆಂಡನ್ನು ಯಾರೋ ಬೆನ್ನು ತಿರುಗಿಸಿ ಓಡುತ್ತಲೇ ಹಿಡಿದರೂ ಬ್ಯಾಟರ್‌ಗೆ ಸೊನ್ನೆ, ಚೆಂಡೆಸೆಯುವ ಪಿಚರ್‌ನ ಕೈಗೇ ಪೆದ್ದುಪೆದ್ದಾಗಿ ಉರುಳಿಸಿದರೂ ಸೊನ್ನೆ. ಇಷ್ಟು ಜಿಪುಣತನದ ಪಟ್ಟಿ ಒಂದು ವಿಷಯದಲ್ಲಿ ಮಾತ್ರ ಬಿಗಿಯಾದ ಶಿಸ್ತನ್ನು ಪಾಲಿಸುತ್ತದೆ: ಅದರ ಲೆಕ್ಕ ತಾಳೆಯಾಗಲೇಬೇಕು. ಒಂದು ತಂಡದ ಬ್ಯಾಟರ್‌ಗಳು ಬ್ಯಾಟ್ ಹಿಡಿದ ಸರದಿಗಳು, ಪುಕ್ಕಟೆಯಾಗಿ ಸಿಕ್ಕ ಬೇಸುಗಳು, ಚೆಂಡು ಮೈಗೆ ತಗುಲಿಯೋ ಎದುರಾಳಿಯ ಅಡ್ಡಿಯಿಂದಲೋ ಬೇಸ್ ಪಡೆದವರು, ಸಹ ಆಟಗಾರನಿಗಾಗಿ ಬೇಕೆಂದೇ ಔಟಾದವರು, ಇವರನ್ನೆಲ್ಲ ಕೂಡಿಸಿದರೆ ಬರುವ ಮೊತ್ತ, ಆ ತಂಡದ ರನ್ನುಗಳು, ಬೇಸುಗಳ ಮೇಲೆ ಉಳಿದುಹೋದವರು ಮತ್ತು ಎದುರಾಳಿಗಳು ಮಾಡಿದ ಔಟುಗಳ ಮೊತ್ತಕ್ಕೆ ಸರಿಸಮನಾಗಬೇಕು. ಇದು ಆಟದ ನಿಯಮಪುಸ್ತಕದಲ್ಲಿಯೇ ಇದೆ. ಕಾರಣವೂ ಸರಳ: ಬ್ಯಾಟ್ ಹಿಡಿದು ಬಂದವನು ಹೊರಟ ಜಾಗವಾದ ಮನೆ ಮುಟ್ಟಿ ರನ್ ಗಳಿಸಬೇಕು, ಇಲ್ಲವೇ ಔಟಾಗಬೇಕು, ಇಲ್ಲವೇ ನಡುದಾರಿಯಲ್ಲಿ ಸಿಕ್ಕಿಕೊಳ್ಳಬೇಕು; ನಾಲ್ಕನೆಯ ಗತಿಯಿಲ್ಲ.

ಹೀಗೆ ತಾಳೆಯಾದ ಲೆಕ್ಕವನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬ ಪ್ರಶ್ನೆಗೆ 2010ರ ಜೂನ್ 2ರಂದು ಡೆಟ್ರಾಯ್ಟ್‌ನ ಕೊಮೆರಿಕಾ ಪಾರ್ಕಿನಲ್ಲಿ ನಡೆದ ಪಂದ್ಯದ ಪಟ್ಟಿಯನ್ನು ತೆರೆದು ನೋಡಬೇಕು. ಡೆಟ್ರಾಯ್ಟ್ ಟೈಗರ್ಸ್ ತಂಡದ ಪಿಚರ್ ಅರ್ಮಾಂಡೋ ಗಲಾರ್ರಾಗ ಅವರು ಕ್ಲೀವ್‌ಲ್ಯಾಂಡಿನ 26 ಬ್ಯಾಟರ್‌ಗಳನ್ನು ಒಬ್ಬರನ್ನೂ ಬೇಸ್ ಮುಟ್ಟಗೊಡದೆ ಸಾಲಾಗಿ ಮರಳಿಸಿದ್ದರು. ಒಂಬತ್ತನೆಯ ಇನಿಂಗ್ಸಿನ ಮೊದಲ ಹೊಡೆತವಂತೂ ಆಸ್ಟಿನ್ ಜಾಕ್ಸನ್ ಅವರ ಅದ್ಭುತ ಓಟದ ಹಿಡಿತದಿಂದಲೇ ಔಟಾಗಿತ್ತು. ಪಟ್ಟಿಯ ಪಾಲಿಗೆ ಅದೂ ಎಂದಿನಂತೆ ಒಂದು ಸೊನ್ನೆ. ಇನ್ನೊಬ್ಬರು ಔಟಾದರೆ ಅದು ಪರ್ಫೆಕ್ಟ್ ಗೇಮ್. ಅಲ್ಲಿಯವರೆಗಿನ ನೂರಮೂವತ್ತು ವರ್ಷಗಳಲ್ಲಿ ಇಪ್ಪತ್ತು ಬಾರಿ ಮಾತ್ರ ನಡೆದದ್ದು. 27ನೆಯವರಾಗಿ ಬಂದ ಜೇಸನ್ ಡೊನಾಲ್ಡ್ ಚೆಂಡನ್ನು ಮೊದಲ ಬೇಸಿನ ಕಡೆಗೆ ಉರುಳಿಸಿದರು. ಮಿಗೆಲ್ ಕಬ್ರೆರಾ ಅದನ್ನು ಬಾಚಿ, ಬೇಸಿಗೆ ಓಡಿ ಬಂದಿದ್ದ ಗಲಾರ್ರಾಗರಿಗೆ ಎಸೆದರು. ಡೊನಾಲ್ಡ್ ಕಾಲಿಡುವ ಮೊದಲೇ ಚೆಂಡು ಕೈಸೇರಿತ್ತು. ಅಂಪೈರ್ ಜಿಮ್ ಜಾಯ್ಸ್ ಮಾತ್ರ ಎರಡೂ ಕೈ ಚಾಚಿ 'ಸೇಫ್' ಎಂದುಬಿಟ್ಟರು. ಪಿಚರ್ ಜಗಳವಾಡಲಿಲ್ಲ, ಒಂದು ಮುಗುಳ್ನಗೆ ನಕ್ಕು ಹಿಂದಿರುಗಿ ಮುಂದಿನ ಬ್ಯಾಟರ್‌ನನ್ನು ಔಟ್ ಮಾಡಿದರು.

ಆ ಸಂಜೆ ವಿಡಿಯೊ ನೋಡಿದ ಜಾಯ್ಸ್ ತಪ್ಪು ತನ್ನದೇ ಎಂದು ಒಪ್ಪಿಕೊಂಡರು. ಡೊನಾಲ್ಡ್ ಔಟಾಗಿದ್ದರೆಂದು ಲೋಕವೆಲ್ಲ ಒಪ್ಪಿತು. ಆದರೂ ಬೇಸ್‌ಬಾಲ್ ಆಯುಕ್ತ ಬಡ್ ಸೆಲಿಗ್ ತೀರ್ಪನ್ನು ಬದಲಿಸಲಿಲ್ಲ. ಈಗ ಪಟ್ಟಿಯನ್ನು ಕೂಡಿಸಿ ನೋಡಿ. ಕ್ಲೀವ್‌ಲ್ಯಾಂಡ್ ಬ್ಯಾಟ್ ಹಿಡಿದದ್ದು 28 ಸಲ. ರನ್ ಸೊನ್ನೆ, ಬೇಸಿನ ಮೇಲೆ ಉಳಿದವರು ಒಬ್ಬರು, ಔಟಾದವರು 27. ಇಪ್ಪತ್ತೆಂಟಕ್ಕೆ ಇಪ್ಪತ್ತೆಂಟು, ಎಲ್ಲೂ ಒಂದು ಚೂರೂ ಹೆಚ್ಚುಕಡಿಮೆಯಿಲ್ಲ. ಜಮೀನು ಒಬ್ಬನದು, ಪಹಣಿ ಇನ್ನೊಬ್ಬನ ಹೆಸರಿಗೆ, ಕಂದಾಯದ ಮೊತ್ತ ಮಾತ್ರ ಕಾಸಿಗೆ ಕಾಸು ಸರಿ ಎಂಬಂಥ ಹಳೆಯ ಶಾನುಭೋಗರ ಕಡತವೂ ಇದರ ಮುಂದೆ ನಾಚಬೇಕು. ಡೊನಾಲ್ಡ್ ಔಟಾಗಿದ್ದರೆ 27ಕ್ಕೆ 27 ಆಗಿ ಲೆಕ್ಕ ಅಷ್ಟೇ ಚೆನ್ನಾಗಿ ಕೂಡುತ್ತಿತ್ತು. ಒಳಗೆ ಹಾಕಿದ್ದು ನಿಜವೋ ಸುಳ್ಳೋ ಎಂಬುದು ಗಣಿತದ ತಲೆನೋವಲ್ಲ.

ಸೆಲಿಗ್ ಅವರ ಹಟವನ್ನು ನಾನು ದೂರಲಾರೆ. ತಪ್ಪು ತೀರ್ಪುಗಳನ್ನೆಲ್ಲ ತಿದ್ದುತ್ತ ಹೋದರೆ ಹಳೆಯ ಪಟ್ಟಿಗಳಲ್ಲಿ ನಿಲ್ಲುವುದು ಎಷ್ಟು, ಬೀಳುವುದು ಎಷ್ಟು ಎಂದು ಯಾರು ಹೇಳಬಲ್ಲರು? ಆದರೆ ಅದೇ ಪಟ್ಟಿಯಲ್ಲಿ ಇನ್ನೊಂದು ತಮಾಷೆ ಅಡಗಿತ್ತು. ಆ ದಿನ ಕ್ಲೀವ್‌ಲ್ಯಾಂಡ್ ಪರವಾಗಿ ಚೆಂಡೆಸೆದು ಸೋತವರು ಫಾಸ್ಟೊ ಕಾರ್ಮೋನಾ. 2012ರ ಜನವರಿಯಲ್ಲಿ ಅವರನ್ನು ಡೊಮಿನಿಕನ್ ಗಣರಾಜ್ಯದ ಪೊಲೀಸರು ಹಿಡಿದಾಗ, ಆ ಹೆಸರೇ ಎರವಲು, ಅವರ ನಿಜ ನಾಮಧೇಯ ರೊಬೆರ್ತೊ ಎರ್ನಾಂಡೆಸ್ ಎಂದು ತಿಳಿಯಿತು. ಅವರ ಅಂಕಿ-ಅಂಶಗಳನ್ನೆಲ್ಲ ಈಗ ನಿಜ ಹೆಸರಿನಡಿಯಲ್ಲೇ ದಾಖಲಿಸುತ್ತಾರೆ. ಪಿಚರ್‌ನ ಸುಳ್ಳು ಹೆಸರು ತಿದ್ದುಪಡಿಯಾಯಿತು. ಡೊನಾಲ್ಡ್ ಅವರ ಸುಳ್ಳು ಹಿಟ್ ಮಾತ್ರ ಇನ್ನೂ ಅವರ ಖಾತೆಯಲ್ಲೇ ಜಮೆಯಾಗಿ ಕುಳಿತಿದೆ.