‘ಆಗಲೇ ಇದೆಯಲ್ಲಮ್ಮ, ಮತ್ತೇಕೆ ಮಾಡಿದಿರಿ?’

ಶನಿವಾರ ಮಧ್ಯಾಹ್ನದಿಂದ ಒಂದೇ ಮಾತು ತಲೆಯೊಳಗೆ ಕೊರೆಯುತ್ತಿದೆ. ಬರೆದು ಮುಗಿಸದೆ ನಿದ್ದೆ ಬರುವ ಹಾಗೆ ಕಾಣುವುದಿಲ್ಲ. ಉದ್ದವಾಗುತ್ತದೆ, ದಯವಿಟ್ಟು ಕೊನೆಯವರೆಗೂ ಓದಿ.

ತುಮಕೂರಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಕೊನೆಯ ವರ್ಷದವರ ಪ್ರಾಜೆಕ್ಟ್ ಪ್ರದರ್ಶನವಿತ್ತು. ಹೆಸರು ಹೇಳುವುದಿಲ್ಲ, ಏಕೆಂದರೆ ಇದು ಒಂದು ಕಾಲೇಜಿನ ಕಾಯಿಲೆಯಲ್ಲ. ಅಲ್ಲಿ ಪಾಠ ಮಾಡುವ ಗೆಳತಿ ಕರೆದಿದ್ದಳು, ನೋಡಿಕೊಂಡು ಬರೋಣವೆಂದು ಹೋಗಿದ್ದೆ. ಹಾಲಿನ ತುಂಬ ಮೇಜುಗಳು, ಮೇಜಿನ ಹಿಂದೆ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ನಿಂತ ಮಕ್ಕಳು. ಕೊನೆಯ ಸಾಲಿನಲ್ಲಿ, ಕಿಟಕಿಯ ಪಕ್ಕ, ಮೂವರಿದ್ದರು. ಒಬ್ಬಳು ಪಾವಗಡದವಳು, ಇನ್ನೊಬ್ಬಳು ಶಿರಾ ಕಡೆಯವಳು, ಹುಡುಗ ಗುಬ್ಬಿಯವನು. ಅವರ ಲ್ಯಾಪ್‌ಟಾಪಿನ ಒಂದು ಕೀಲು ಮುರಿದಿತ್ತು. ಪರದೆ ಹಿಂದಕ್ಕೆ ಬೀಳದಂತೆ ಸ್ಟೀಲಿನ ಊಟದ ಡಬ್ಬಿಗೆ ಆನಿಸಿ ನಿಲ್ಲಿಸಿದ್ದರು. ಪರದೆಯ ಮೇಲೆ ಬಣ್ಣವಿಲ್ಲ, ಚಿತ್ರವಿಲ್ಲ, ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರಗಳು ಮಾತ್ರ.

ಆ ಅಕ್ಷರಗಳನ್ನು ಓದುತ್ತಿದ್ದಂತೆ ನನ್ನ ಎದೆ ಝಲ್ಲೆಂದಿತು. ಮೂವರೂ ಸೇರಿ ತಾವೇ ಒಂದು ಪ್ರೊಸೆಸರ್ ಎಮ್ಯುಲೇಟರ್ ಬರೆದಿದ್ದರು. ಅಷ್ಟಕ್ಕೇ ನಿಲ್ಲದೆ, ಒಂದು ಯಂತ್ರದೊಳಗೆ ಇನ್ನೊಂದನ್ನು ಓಡಿಸಲೆಂದು ಚಿಪ್‌ನೊಳಗೇ ಇರುವ ವರ್ಚುವಲೈಸೇಷನ್ ಸೌಲಭ್ಯವನ್ನು ಅದಕ್ಕೆ ಜೋಡಿಸಿದ್ದರು.

ಪರೀಕ್ಷಕರು ಬಂದರು. ಪಾವಗಡದ ಹುಡುಗಿ ಎರಡು ವಾಕ್ಯ ಹೇಳಿರಲಿಲ್ಲ. “ಇದೆಲ್ಲ ಆಗಲೇ ಇದೆಯಲ್ಲಮ್ಮ, ಮತ್ತೇಕೆ ಮಾಡಿದಿರಿ? ಉಚಿತವಾಗಿಯೇ ಸಿಗುತ್ತದೆ. ಒಂದು ಆ್ಯಪ್ ಮಾಡಬಹುದಿತ್ತು, ಎಐ ಏನಾದರೂ ಸೇರಿಸಬಹುದಿತ್ತು” ಎಂದರು. ಹಾಳೆಯಲ್ಲಿ ಏನೋ ಗುರುತು ಹಾಕಿಕೊಂಡು ಮುಂದಿನ ಮೇಜಿಗೆ ಹೋದರು. ಹುಡುಗಿ ಮೂರನೆಯ ವಾಕ್ಯಕ್ಕೆ ತೆರೆದ ಬಾಯನ್ನು ಹಾಗೆಯೇ ಮುಚ್ಚಿಕೊಂಡಳು.

ನನಗೆ ಸಿಟ್ಟು ಬಂದಿದೆ. ಮೂರು ದಿನವಾದರೂ ಇಳಿದಿಲ್ಲ.

ಬೆಂಗಳೂರಿನ ರೈಲಿನಲ್ಲಿ ಓಡಾಡುತ್ತ ಆರು ವರ್ಷ ನಾನು ಬರೆದ ಎಮ್ಯುಲೇಟರಿನ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತು. ಗೊತ್ತಿಲ್ಲದವರಿಗೆ ಆ ಮಕ್ಕಳು ಮಾಡಿದ್ದೇನೆಂದು ಹೇಳಲೇಬೇಕು. ಎಮ್ಯುಲೇಟರ್ ಎಂದರೆ ಪ್ರೋಗ್ರಾಮಿನಿಂದಲೇ ಕಟ್ಟಿದ ಯಂತ್ರ. ಅದರೊಳಗೆ ಓಡುವ ವ್ಯವಸ್ಥೆಗೆ ಗೆಸ್ಟ್ ಎನ್ನುತ್ತೇವೆ. ತಾನು ನಿಜವಾದ ಪ್ರೊಸೆಸರಿನ ಮೇಲಿದ್ದೇನೆ ಎಂಬಂತೆಯೇ ಅದು ನಡೆದುಕೊಳ್ಳುತ್ತದೆ. ಗೆಸ್ಟ್‌ನ ಒಂದೊಂದು ಸೂಚನೆಯನ್ನೂ ಎಮ್ಯುಲೇಟರ್ ಓದುತ್ತದೆ, ಬಿಡಿಸುತ್ತದೆ, ತಾನೇ ನಡೆಸಿಕೊಡುತ್ತದೆ. ಎರಡು ಸಂಖ್ಯೆ ಕೂಡಿಸು ಎಂಬ ಒಂದು ಸೂಚನೆಯ ಹಿಂದೆ ಹತ್ತಾರು ಸೂಚನೆಗಳ ಓಡಾಟವಿರುತ್ತದೆ. ಹಾಗಾಗಿ ಕೆಲಸ ಸರಿಯಾಗಿ ಆದರೂ ನಿಧಾನ.

ಒಳಗಿನದೂ ಹೊರಗಿನದೂ ಒಂದೇ ಬಗೆಯ ಪ್ರೊಸೆಸರ್ ಆಗಿದ್ದರೆ ನಡುವೆ ದುಭಾಷಿ ಏಕೆ, ಗೆಸ್ಟ್ ನೇರವಾಗಿ ಚಿಪ್ ಮೇಲೆಯೇ ಓಡಲಿ ಎನ್ನಬಹುದು. ನ್ಯಾಯವಾದ ಪ್ರಶ್ನೆ. ಅದಕ್ಕೆ ಚಿಪ್ ಹೇಗಿರಬೇಕು ಎಂದು ಪೋಪೆಕ್ ಮತ್ತು ಗೋಲ್ಡ್‌ಬರ್ಗ್ ಎಂಬ ಸಂಶೋಧಕರು 1974ರಲ್ಲೇ ಬರೆದಿಟ್ಟಿದ್ದಾರೆ: ಯಂತ್ರದ ಸ್ಥಿತಿಯನ್ನು ಮುಟ್ಟುವ ಸೂಚನೆ ಯಾವುದೇ ಇರಲಿ, ಅಧಿಕಾರವಿಲ್ಲದವನು ಅದನ್ನು ಕೊಟ್ಟರೆ ಮೇಲ್ವಿಚಾರಕನಿಗೆ ಸುದ್ದಿ ಮುಟ್ಟಬೇಕು. ಇಂಟೆಲ್ ಬಗೆಯ ಪ್ರೊಸೆಸರುಗಳು ಹಾಗಿರಲಿಲ್ಲ. ಪೆಂಟಿಯಂನಲ್ಲಿ ಈ ನಿಯಮ ಮುರಿಯುವ 17 ಸೂಚನೆಗಳಿವೆ ಎಂದು 2000ದಲ್ಲಿ ಇಬ್ಬರು ಸಂಶೋಧಕರು ಲೆಕ್ಕ ಕೊಟ್ಟರು. ಅವುಗಳಲ್ಲಿ ಪಾಪ್‌ಎಫ್ ಎಂಬುದೊಂದು. ಅಧಿಕಾರವಿಲ್ಲದವನು ಅದರ ಮೂಲಕ ಇಂಟರಪ್ಟ್ (ಕೆಲಸದ ನಡುವೆ ಪ್ರೊಸೆಸರಿನ ಗಮನ ಸೆಳೆಯುವ ಕರೆ) ಬಂದ್ ಮಾಡಲು ಹೊರಟರೆ ಚಿಪ್ ತಡೆಯುವುದಿಲ್ಲ, ದೂರು ಹೇಳುವುದಿಲ್ಲ, ಆ ಭಾಗವನ್ನು ಸದ್ದಿಲ್ಲದೆ ಕೈಬಿಟ್ಟು ಮುಂದೆ ಹೋಗುತ್ತದೆ. ಗೆಸ್ಟ್ ಮಾತ್ರ ಇಂಟರಪ್ಟ್ ಬಂದ್ ಆಯಿತೆಂದೇ ತಿಳಿದಿರುತ್ತದೆ. ಈ ತೊಡಕನ್ನು ಚಿಪ್‌ನಲ್ಲೇ ಬಿಡಿಸಲು ಇಂಟೆಲ್‌ಗೆ 2005ರ ನವೆಂಬರ್ ತನಕ ಹಿಡಿಯಿತು. ಮರುವರ್ಷ ಎಎಂಡಿಯೂ ತನ್ನದನ್ನು ತಂದಿತು. ಈಗ ಗೆಸ್ಟ್ ನೇರವಾಗಿ ಓಡುತ್ತದೆ. ಮುಟ್ಟಬಾರದ್ದನ್ನು ಮುಟ್ಟಿದಾಗ ಚಿಪ್ ಅದನ್ನು ನಿಲ್ಲಿಸಿ, ಕಾರಣ ಬರೆದಿಟ್ಟು, ಹಿಡಿತವನ್ನು ನಮ್ಮ ಕೈಗೆ ಮರಳಿಸುತ್ತದೆ.

ಕೇಳಲು ಎಷ್ಟು ಸರಳ! ಈ ನಾಲ್ಕು ಸಾಲು ಓದಿದವರಿಗೆ ಇದು ಒಂದು ವಾರದ ಕೆಲಸವೆನಿಸಬಹುದು. ಆ ಹುಡುಗಿ ತನ್ನ ನೋಟ್‌ಬುಕ್ ತೆರೆದು ತೋರಿಸಿದಳು, ಒಂದು ಪುಟದಲ್ಲಿ ನನ್ನ ಕಣ್ಣು ನಿಂತಿತು. ಹೆಕ್ಸ್‌ನಲ್ಲಿ, ಅಂದರೆ ಹದಿನಾರರ ಎಣಿಕೆಯಲ್ಲಿ, 80000021 ಎಂದು ದಪ್ಪಗೆ ಬರೆದು ಸುತ್ತ ಮೂರು ಸಲ ಗೀಚಿದ್ದಳು, ಹಾಳೆ ಹರಿಯುವಷ್ಟು ಒತ್ತಿ.

ಲಿನಕ್ಸ್‌ನಲ್ಲಿ ಚಿಪ್‌ನ ಈ ಸೌಲಭ್ಯವನ್ನು ಪ್ರೋಗ್ರಾಮುಗಳ ಕೈಗೆ ಕೊಡುವ ಕೆವಿಎಂ ಜೊತೆ ಹೆಣಗಾಡಿದವರೆಲ್ಲರಿಗೂ ಈ ಸಂಖ್ಯೆ ಗೊತ್ತು. ನೀನು ಕೊಟ್ಟ ಗೆಸ್ಟ್‌ನ ಸ್ಥಿತಿ ಸರಿಯಿಲ್ಲ, ಒಳಗೆ ಬಿಡುವುದಿಲ್ಲ ಎಂದು ಚಿಪ್ ಹೇಳುವ ಮಾತು ಅದು. ಏನು ಸರಿಯಿಲ್ಲ ಎಂದು ಮಾತ್ರ ಹೇಳುವುದಿಲ್ಲ. ಇಂಟೆಲ್ ಕೈಪಿಡಿಯ ಮೂರನೆಯ ಸಂಪುಟದಲ್ಲಿ ತಪಾಸಣೆಗಳ ಪಟ್ಟಿ ಪುಟಗಟ್ಟಲೆ ಇದೆ, ಅದನ್ನು ಒಂದೊಂದಾಗಿ ನಾವೇ ಹೊಂದಿಸಿ ನೋಡಬೇಕು.

ಇವರ ಯೋಜನೆ ಹೀಗಿತ್ತು. ಈ ಬಗೆಯ ಪ್ರೊಸೆಸರ್ ಇವತ್ತಿಗೂ ಕಣ್ಣು ಬಿಡುವುದು 1978ರ 8086 ಇದ್ದಂಥ ಸ್ಥಿತಿಯಲ್ಲಿ. ಆ ಮೊದಲ ಹೆಜ್ಜೆಗಳು ತಮ್ಮ ಕಣ್ಣೆದುರೇ ನಡೆಯಲಿ ಎಂದು ಅಲ್ಲಿಯ ತನಕ ತಮ್ಮ ಎಮ್ಯುಲೇಟರಿನಲ್ಲೇ ಓಡಿಸುತ್ತಿದ್ದರು. ಗೆಸ್ಟ್‌ನ ಕರ್ನಲ್, ಅಂದರೆ ಆ ವ್ಯವಸ್ಥೆಯ ತಿರುಳು, ತನ್ನ ಕೋಷ್ಟಕಗಳನ್ನು ಹೊಂದಿಸಿಕೊಂಡ ಮೇಲೆ, ಎಲ್ಲ ರಿಜಿಸ್ಟರುಗಳನ್ನೂ (ಪ್ರೊಸೆಸರ್ ತನ್ನೊಳಗೇ ಲೆಕ್ಕ ಇಟ್ಟುಕೊಳ್ಳುವ ಪುಟ್ಟ ಗೂಡುಗಳು) ಚಿಪ್‌ಗೆ ಒಪ್ಪಿಸಿ, ಇನ್ನು ನೀನು ನಡೆಸು ಎನ್ನುತ್ತಿದ್ದರು. ಒಪ್ಪಿಸಿದ ತಕ್ಷಣ 80000021. ಹನ್ನೆರಡು ದಿನ ಅದೇ ಉತ್ತರ.

ಕೊನೆಗೆ ಸಿಕ್ಕಿದ್ದು ಒಂದೇ ಒಂದು ಬಿಟ್. ಈಗ ನಡೆಯುತ್ತಿರುವ ಕೆಲಸದ ವಿವರ ಎಲ್ಲಿದೆ ಎಂದು ಹೇಳುವ ಟಾಸ್ಕ್ ರಿಜಿಸ್ಟರಿನ ಬಗೆ 11 ಇರಬೇಕಾದಲ್ಲಿ 9 ಇತ್ತು. 9 ಎಂದರೆ ಬಳಕೆಗೆ ಸಿದ್ಧ, 11 ಎಂದರೆ ಈಗ ಬಳಕೆಯಲ್ಲಿದೆ. ಆ ರಿಜಿಸ್ಟರನ್ನು ತುಂಬಿಸುವ ಸೂಚನೆ ಬಂದಾಗ ನಿಜವಾದ ಪ್ರೊಸೆಸರ್ ಬಳಕೆಯಲ್ಲಿದೆ ಎಂಬ ಬಿಟ್ಟನ್ನು ತಾನೇ ಹಚ್ಚಿಕೊಳ್ಳುತ್ತದೆ. ಇವರ ಎಮ್ಯುಲೇಟರಿನಲ್ಲಿ ಆ ಹೆಜ್ಜೆ ಬಿಟ್ಟುಹೋಗಿತ್ತು. ಅಲ್ಲಿ ಅದನ್ನು ಮತ್ತೆ ಯಾರೂ ಕೇಳುತ್ತಿರಲಿಲ್ಲವಾದ್ದರಿಂದ ಐದು ತಿಂಗಳು ಎಲ್ಲವೂ ಸರಿಯಾಗಿಯೇ ಓಡಿತ್ತು. ಚಿಪ್ ಕೇಳಿತು.

“ಹೇಗೆ ಹಿಡಿದೆ?” ಎಂದೆ.

“ಪಟ್ಟಿಯನ್ನು ಜೋರಾಗಿ ಓದುತ್ತಿದ್ದೆವು ಮೇಡಂ. ಇವಳು ಓದುವುದು, ಇವನು ಪರದೆ ನೋಡಿ ಹೌದು ಎನ್ನುವುದು, ನಾನು ಟಿಕ್ ಹಾಕುವುದು. ಟಾಸ್ಕ್ ರಿಜಿಸ್ಟರಿಗೆ ಬಂದಾಗ ಇವನು ಹೌದು ಎನ್ನಲೇ ಇಲ್ಲ, ಸುಮ್ಮನಾಗಿಬಿಟ್ಟ.”

ಗುಬ್ಬಿಯ ಹುಡುಗ ತಲೆ ತಗ್ಗಿಸಿ ನಗುತ್ತಿದ್ದ. ಆಮೇಲೆ ಓಡಿಸಿ ತೋರಿಸಿದರು. ಅವಿಭಾಜ್ಯ ಸಂಖ್ಯೆಗಳನ್ನು ಹುಡುಕುವ ಪುಟ್ಟ ಕರ್ನಲ್ ಅದು. ಬರೀ ಎಮ್ಯುಲೇಟರಿನಲ್ಲಿ ಓಡಿಸಿದಾಗ ನಾವು ಒಂದು ಲೋಟ ಚಹಾ ಕುಡಿದು ಮುಗಿಸಿದೆವು. ಚಿಪ್‌ಗೆ ಒಪ್ಪಿಸಿ ಓಡಿಸಿದಾಗ ಕೀ ಒತ್ತಿದ ಬೆರಳು ಮೇಲೇಳುವಷ್ಟರಲ್ಲಿ ಪರದೆ ತುಂಬಿತ್ತು. ಅಲ್ಲಿ ಮೂಡಿದ ಪ್ರತಿ ಅಕ್ಷರವೂ ಸೀರಿಯಲ್ ಪೋರ್ಟಿನ ಬಾಗಿಲಲ್ಲಿ ಗೆಸ್ಟ್ ನಿಂತು, ಹಿಡಿತ ಇವರ ಪ್ರೋಗ್ರಾಮಿಗೆ ಬಂದು, ಇವರು ಬರೆದ ಸಾಲುಗಳ ಮೂಲಕ ಹೊರಬಂದದ್ದು. ಐದು ನಿಮಿಷ ನಿಂತಿದ್ದರೆ ಪರೀಕ್ಷಕರೂ ಇದನ್ನು ನೋಡುತ್ತಿದ್ದರು.

ಆಗಲೇ ಇದೆಯಂತೆ! ಹೌದು, ಇದೆ. ಅದು ಹೇಗೆ ಬಂತು ಎಂದಾದರೂ ನೋಡಬೇಡವೇ? ಫ್ಯಾಬ್ರಿಸ್ ಬೆಲ್ಲಾರ್ 2003ರಲ್ಲಿ ಕ್ಯೂಎಮು ಎಂಬ ಎಮ್ಯುಲೇಟರ್ ತಂದಾಗ ಕೆವಿನ್ ಲಾಟನ್ ಬರೆದ ಬಾಕ್ಸ್ ಎಂಬ ಎಮ್ಯುಲೇಟರ್ ವರ್ಷಗಳಿಂದ ಬಳಕೆಯಲ್ಲಿತ್ತು. ಯಂತ್ರದೊಳಗೆ ಯಂತ್ರ ಓಡಿಸುವ ವಿಎಂವೇರ್ 1999ರಲ್ಲೇ ಮಾರುಕಟ್ಟೆಗೆ ಬಂದಾಗಿತ್ತು. ಬೆಲ್ಲಾರ್ ಎದುರು ಯಾರಾದರೂ ನಿಂತು ಇದೇ ಮಾತು ಹೇಳಿ, ಅವರು ಅದನ್ನು ಕೇಳಿಬಿಟ್ಟಿದ್ದರೆ? ಅವಿ ಕಿವಿಟಿ 2006ರಲ್ಲಿ ಕೆವಿಎಂ ಪ್ರಕಟಿಸಿದಾಗ ಅದೇ ಬಗೆಯ ಝೆನ್ ಬಂದು ಮೂರು ವರ್ಷವಾಗಿತ್ತು. ಆದರೂ ಕೆವಿಎಂ 2007ರ ಫೆಬ್ರವರಿಯ ಲಿನಕ್ಸ್ ಕರ್ನಲ್ ಒಳಗೆ ಸೇರಿತು. ಡಿಸ್ಕ್, ಕೀಬೋರ್ಡ್, ಪರದೆ ಮುಂತಾದ ಸಾಧನಗಳನ್ನೆಲ್ಲ ಕಿವಿಟಿಯವರ ತಂಡ ಹೊಸದಾಗಿ ಬರೆಯಲು ಕೂರಲಿಲ್ಲ, ಆಗಲೇ ಇದ್ದ ಕ್ಯೂಎಮುವನ್ನೇ ಎತ್ತಿಕೊಂಡರು. ಆಗಲೇ ಇದ್ದದ್ದು ಅವರಿಗೆ ಅಡಿಪಾಯವಾಯಿತು. ನಮ್ಮ ಊರಿನಲ್ಲಿ ಅದೇ ಮಾತು ಮಕ್ಕಳ ಬಾಯಿ ಮುಚ್ಚಿಸಲು ಬಳಕೆಯಾಗುತ್ತಿದೆ.

ಮಾಡುವುದು ಯಾವಾಗಲೂ ಲೋಕಕ್ಕೆ ಹೊಸದನ್ನು ಕೊಡಲೆಂದೇ ಅಲ್ಲ. ತುಮಕೂರಿನ ಯಾವ ಮನೆಯಲ್ಲೂ ಹೆಣ್ಣುಮಗಳು ಮೊದಲ ಸಲ ತಟ್ಟೆ ಇಡ್ಲಿಯ ಹಿಟ್ಟು ಕಲಸಿದಾಗ, ಕ್ಯಾತ್ಸಂದ್ರದಲ್ಲಿ ಸಿಗುತ್ತದಲ್ಲ ಎಂದು ಪಾತ್ರೆ ಕಿತ್ತಿಡುವುದಿಲ್ಲ. ಹಿಟ್ಟು ಹುಳಿ ಬರಲು ಎಷ್ಟು ಹೊತ್ತು ಬೇಕು ಎಂಬುದು ಕೈಗೆ ಗೊತ್ತಾಗಬೇಕು. ಟಾಸ್ಕ್ ರಿಜಿಸ್ಟರಿನ ಆ ಬಿಟ್ ಕೂಡ ಹಾಗೆಯೇ. ಅದನ್ನು ಓದಿ ತಿಳಿದವರು ಮರೆಯುತ್ತಾರೆ, ಹನ್ನೆರಡು ದಿನ ಹುಡುಕಿದವರು ಮರೆಯುವುದಿಲ್ಲ.

ಪಾಠ ಮಾಡುವ ಗೆಳತಿ ಸಂಜೆ ಫೋನಿನಲ್ಲಿ ಸಮಾಧಾನ ಹೇಳಿದಳು. “ಒಂದೇ ದಿನ ಮೂವತ್ತು ತಂಡ ನೋಡಬೇಕು ಕಣೇ. ಅವರ ವಿಷಯವೂ ಇದಲ್ಲ. ಮಕ್ಕಳಿಗೂ ಕೆಲಸ ಸಿಗಬೇಕಲ್ಲ, ಕಂಪನಿಯವರು ಇದನ್ನೆಲ್ಲ ಎಲ್ಲಿ ಕೇಳುತ್ತಾರೆ?” ಎಂದಳು. ಮೂವತ್ತು ತಂಡದ ಕಷ್ಟ ಒಪ್ಪುತ್ತೇನೆ. ಹೊತ್ತಿಲ್ಲದಿದ್ದರೆ, ಗೊತ್ತಿಲ್ಲದಿದ್ದರೆ, ಇದರಲ್ಲಿ ಯಾವುದು ಕಷ್ಟವಾಯಿತಮ್ಮ ಎಂದು ಒಂದು ಪ್ರಶ್ನೆ ಕೇಳಬಹುದಿತ್ತು. ಅದಕ್ಕೆ ವಿಷಯದ ಪರಿಚಯವೇ ಬೇಡ. ಕೆಲಸದ ಮಾತನ್ನಂತೂ ನಾನು ಒಪ್ಪುವುದೇ ಇಲ್ಲ. ಗೂಗಲ್‌ನ ಕ್ಲೌಡ್ ಯಂತ್ರಗಳು ಓಡುವುದು ಕೆವಿಎಂ ಮೇಲೆ. ಅಮೆಜಾನ್ ತನ್ನ ಕ್ಲೌಡ್‌ಗೆ 2017ರಲ್ಲಿ ತಂದ ನೈಟ್ರೋ ಕೂಡ ಕೆವಿಎಂ ಆಧಾರದ್ದೇ. ಇಲ್ಲಿಂದ ಎಪ್ಪತ್ತು ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ಅಂಥ ಯಂತ್ರಗಳನ್ನು ಬಳಸುವ ಸಾವಿರಾರು ಜನ ಕೂತಿದ್ದಾರೆ, ಅದರ ತಳ ಹೇಗಿದೆ ಎಂದು ಕೈಯಾರೆ ಮುಟ್ಟಿ ನೋಡಿದವರು ಎಷ್ಟು ಸಿಗುತ್ತಾರೆ? ಸಿಕ್ಕ ಮೂವರಿಗೆ ನಾವು ಹೇಳಿದ್ದು ಆ್ಯಪ್ ಮಾಡಿ ಎಂದು!

ಇಷ್ಟು ಬರೆದ ಮೇಲೆ ಇನ್ನೊಂದನ್ನೂ ಬರೆಯದಿದ್ದರೆ ಈ ಬರಹ ಸುಳ್ಳಾಗುತ್ತದೆ. ಎರಡು ವರ್ಷದ ಹಿಂದೆ ತಿಪಟೂರು ಕಡೆಯ ಹುಡುಗನೊಬ್ಬ ನಮ್ಮ ಮನೆಗೆ ಬಂದಿದ್ದ. “ಅಕ್ಕ, ನಾನೂ ಒಂದು ಎಮ್ಯುಲೇಟರ್ ಬರೆಯಬೇಕು, ಎಲ್ಲಿಂದ ಶುರು ಮಾಡಲಿ?” ಎಂದು ಕೇಳಿದ. ನೋಟ್‌ಬುಕ್ಕಿನಲ್ಲಿ ರಿಜಿಸ್ಟರುಗಳ ಚಿತ್ರವನ್ನು ಸ್ಕೇಲ್ ಇಟ್ಟು ಅಂದವಾಗಿ ಬರೆದುಕೊಂಡು ಬಂದಿದ್ದ. ನನಗೆ ಅವತ್ತು ಕಚೇರಿಯ ಕೆಲಸ ತಲೆಯ ಮೇಲಿತ್ತು. “ಕ್ಯೂಎಮು ಇದೆಯಲ್ಲಪ್ಪ, ಅದನ್ನೇ ಬಳಸು. ಮೊದಲು ಒಂದು ಕೆಲಸ ಹುಡುಕಿಕೋ” ಎಂದುಬಿಟ್ಟೆ. ಅವನು ವಾದ ಮಾಡಲಿಲ್ಲ. ಕಾಫಿ ಕುಡಿದ, ನೋಟ್‌ಬುಕ್ ಚೀಲಕ್ಕೆ ಹಾಕಿಕೊಂಡ, ಬರುತ್ತೇನೆ ಅಕ್ಕ ಎಂದು ಹೋದ. ಶನಿವಾರ ಪರೀಕ್ಷಕರ ಬಾಯಿಂದ ಆ ಮಾತು ಬಿದ್ದಾಗ ನನಗೆ ಮೊದಲು ಕಂಡದ್ದು ಆ ಚೀಲದ ಜಿಪ್ ಎಳೆಯುತ್ತಿದ್ದ ಅವನ ಕೈ. ನನ್ನ ಸಿಟ್ಟಿನ ಅರ್ಧ ಭಾಗ ನನಗೇ ಸೇರಬೇಕಾದದ್ದು. ಅವನಿಗೆ ನಿನ್ನೆ ಸಂದೇಶ ಕಳಿಸಿದ್ದೇನೆ. ಓದಿದ್ದಾನೆ, ಉತ್ತರ ಬಂದಿಲ್ಲ. ಬರದಿದ್ದರೆ ಅವನ ತಪ್ಪಲ್ಲ.

ಈ ಮೂವರನ್ನು ಹಾಗೆ ಕಳಿಸಲಿಲ್ಲ. ಪ್ರದರ್ಶನ ಮುಗಿದು ಹಾಲ್ ಖಾಲಿಯಾಗುವ ತನಕ ಅವರ ಮೇಜಿನ ಬಳಿಯೇ ಕೂತಿದ್ದೆ. ಅವರಿಗೆ ಇನ್ನೊಂದು ಕಡೆ ಕಾಲು ಸಿಕ್ಕಿಕೊಂಡಿದೆ. ಟೈಮರಿನ ಇಂಟರಪ್ಟನ್ನು ಗೆಸ್ಟ್‌ಗೆ ತಲುಪಿಸಲು ಹೋದಾಗ, ಗೆಸ್ಟ್ ಆ ಹೊತ್ತಿಗೆ ಇಂಟರಪ್ಟ್ ಬಂದ್ ಮಾಡಿಕೊಂಡಿದ್ದರೆ ಒಳಗೆ ಹಾಕುವಂತಿಲ್ಲ. ಗೆಸ್ಟ್ ಮತ್ತೆ ತೆರೆದುಕೊಂಡ ಕೂಡಲೇ ನನಗೆ ತಿಳಿಸು ಎಂದು ಕೆವಿಎಂಗೆ ಮೊದಲೇ ಹೇಳಿಟ್ಟಿರಬೇಕು. ಇವರು ಹೇಳಿಟ್ಟಿಲ್ಲ, ಬಂದ ಇಂಟರಪ್ಟುಗಳು ಕಳೆದುಹೋಗುತ್ತಿವೆ, ಗೆಸ್ಟ್‌ನ ಗಡಿಯಾರ ಹಿಂದೆ ಬೀಳುತ್ತಿದೆ. ಇದೇ ಜಾಗದಲ್ಲಿ ನಾನು ಒಂದು ಇಡೀ ಬೇಸಿಗೆ ಕಳೆದಿದ್ದೇನೆ. ಉತ್ತರ ಬಾಯ ತುದಿಯಲ್ಲಿತ್ತು, ಹೇಳಲಿಲ್ಲ. ಕೈಪಿಡಿಯಲ್ಲಿ ಎಲ್ಲಿ ಹುಡುಕಬೇಕು ಎಂದು ಮಾತ್ರ ಹೇಳಿದೆ.

ಹೊರಡುವಾಗ ಪಾವಗಡದ ಹುಡುಗಿ ಊಟದ ಡಬ್ಬಿಯನ್ನು ಚೀಲಕ್ಕೆ ಹಾಕಿ, ಪರದೆಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲನೆ ಮಡಚಿದಳು. “ಭಾನುವಾರ ಬರಬಹುದಾ ಅಕ್ಕ?” ಎಂದಳು. ಅಷ್ಟು ಹೊತ್ತೂ ಮೇಡಂ ಎನ್ನುತ್ತಿದ್ದವಳು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮೂವರೂ ನಮ್ಮ ಮನೆಗೆ ಬರುತ್ತಿದ್ದಾರೆ. ಈ ವಿಷಯದಲ್ಲಿ ಕೈಯಾಡಿಸಿದವರು ತುಮಕೂರಿನಲ್ಲಿ ಇನ್ಯಾರಾದರೂ ಇದ್ದರೆ ನೀವೂ ಬನ್ನಿ. ಮಾಮೂಲಿ ಕೀಲಿರುವ ಹಳೆಯ ಲ್ಯಾಪ್‌ಟಾಪ್ ಯಾರ ಮನೆಯಲ್ಲಾದರೂ ಸುಮ್ಮನೆ ಬಿದ್ದಿದ್ದರೆ ಅದನ್ನೂ ತನ್ನಿ.